ಅವನೋ ಅವಳೋ ಎಂದು ತೀರ್ಮಾನಿಸುವವರು ಯಾರು?

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಾಗ ಕರ್ನಾಟಕ ಸರ್ಕಾರ ಉಚಿತ ಬಸ್ ಪ್ರಯಾಣದ ಅವಕಾಶವನ್ನು ಮಹಿಳೆಯರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಕೊಟ್ಟಿತು. ಕಡತದಲ್ಲಿ ಅದು ಒಂದು ಸಾಲಿನ ಮಾತು. ಬಸ್ಸಿನೊಳಗೆ ಆ ಸಾಲು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ಊಹಿಸಿ ನೋಡೋಣ. ಹೊಸಪೇಟೆಯಿಂದ ಕೊಪ್ಪಳದ ಕಡೆಗೆ ಹೊರಟ ಬಸ್ಸು. ಸೀರೆ ಉಟ್ಟು, ಹಣೆತುಂಬ ಕುಂಕುಮ ಇಟ್ಟುಕೊಂಡವರೊಬ್ಬರು ಕಿಟಕಿಯ ಪಕ್ಕ ಕುಳಿತಿದ್ದಾರೆ. ಅವರ ಆಧಾರ್ ಕಾರ್ಡಿನಲ್ಲಿ ಹಳೆಯ ಮುಖವಿದೆ, ಹೆತ್ತವರು ಇಟ್ಟ ಹೆಸರಿದೆ. ನಿರ್ವಾಹಕರು ಕಾರ್ಡು ನೋಡುತ್ತಾರೆ, ಮುಖ ನೋಡುತ್ತಾರೆ, ಮತ್ತೆ ಕಾರ್ಡು ನೋಡುತ್ತಾರೆ. ಆ ಹೆಸರನ್ನು ಗಟ್ಟಿಯಾಗಿ ಓದಿದರೆ ಇಡೀ ಬಸ್ಸು ತಿರುಗಿ ನೋಡುತ್ತದೆ. ‘ಏನಪ್ಪಾ ಇದು’ ಎಂದರೆ ಹಿಂದಿನ ಸೀಟಿನ ಹುಡುಗರಿಗೆ ನಗಲು ಅನುಮತಿ ಸಿಕ್ಕಂತಾಗುತ್ತದೆ. ‘ಆಯಿತು ಅಕ್ಕ, ತೆಗೆದುಕೊಳ್ಳಿ’ ಎಂದು ಚೀಟಿ ಕೊಟ್ಟರೆ ಬಸ್ಸು ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಮೂರೂ ಸಂದರ್ಭಗಳಲ್ಲಿ ಆದೇಶ ಒಂದೇ, ಚೀಟಿಯೂ ಒಂದೇ. ಮುಂದಿನ ಸಲ ಬಸ್ಸು ಹತ್ತಬೇಕೋ ಬೇಡವೋ ಎಂದು ಆ ಪ್ರಯಾಣಿಕರು ಯೋಚಿಸುವಂತೆ ಮಾಡುವುದು ಮಾತ್ರ ಒಂದು ಪದ.

ಲಿಂಗತ್ವ ಮತ್ತು ಲೈಂಗಿಕತೆಯ ಪದಗಳ ಬಗ್ಗೆ ಮಾತು ತೆಗೆದರೆ ‘ಪದದಲ್ಲೇನಿದೆ, ಮನಸ್ಸು ಒಳ್ಳೆಯದಿದ್ದರೆ ಸಾಲದೇ’ ಎನ್ನುವವರು ಬಹಳ ಮಂದಿ. ಅವರಲ್ಲಿ ನಿಜಕ್ಕೂ ಒಳ್ಳೆಯ ಮನಸ್ಸಿನವರೇ ಹೆಚ್ಚು ಎಂದು ನಾನು ನಂಬುತ್ತೇನೆ. ಆದರೂ ಈ ಮಾತನ್ನು ಒಪ್ಪಲಾರೆ. ಪೊಲೀಸರು ಯಾರನ್ನು ಹಿಡಿಯಬಹುದು, ವೈದ್ಯರು ಯಾರನ್ನು ರೋಗಿ ಎನ್ನಬಹುದು, ಪತ್ರಿಕೆ ಯಾರ ಸಾವನ್ನು ಹೇಗೆ ಬರೆಯಬಹುದು ಎಂಬುದೆಲ್ಲ ಪದಗಳಿಂದಲೇ ತೀರ್ಮಾನವಾಗಿರುವ ನಾಡು ನಮ್ಮದು. ತನ್ನನ್ನು ಏನೆಂದು ಕರೆಯಬೇಕು ಎನ್ನುವುದನ್ನು ಹೇಳುವ ಹಕ್ಕು ಆ ವ್ಯಕ್ತಿಯದೇ. ಉಳಿದವರಿಗೆ ಇರುವ ಕೆಲಸ ಕೇಳಿಸಿಕೊಂಡು ಬಳಸುವುದು.

ಮೊದಲು ಗೊಂದಲದ ಬೇರಿಗೆ ಹೋಗೋಣ. ಒಬ್ಬ ಮನುಷ್ಯನ ಬಗ್ಗೆ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟಿಬಿಟ್ಟಿದ್ದೇವೆ. ಹುಟ್ಟಿದಾಗ ಸೂಲಗಿತ್ತಿಯೋ ವೈದ್ಯರೋ ದೇಹ ನೋಡಿ ‘ಗಂಡು’ ಅಥವಾ ‘ಹೆಣ್ಣು’ ಎಂದು ಹೇಳುವುದು ಒಂದು. ಬೆಳೆಯುತ್ತ ಬೆಳೆಯುತ್ತ ತಾನು ಯಾರು ಎಂದು ಆ ಮಗುವಿಗೆ ಒಳಗಿನಿಂದ ಗೊತ್ತಾಗುವುದು ಇನ್ನೊಂದು. ಇದನ್ನೇ ಈಗ ಲಿಂಗತ್ವ ಎನ್ನುತ್ತಾರೆ. ಯಾರ ಕಡೆಗೆ ಮನಸ್ಸು ಒಲಿಯುತ್ತದೆ ಎನ್ನುವುದು ಮೂರನೆಯದು. ಅದು ಲೈಂಗಿಕ ಒಲವು. ಹೆಚ್ಚಿನವರಲ್ಲಿ ಈ ಮೂರೂ ಸಮಾಜ ನಿರೀಕ್ಷಿಸಿದ ಸಾಲಿನಲ್ಲೇ ಬರುವುದರಿಂದ ಅವು ಬೇರೆ ಎಂಬುದೇ ಅವರ ಗಮನಕ್ಕೆ ಬಂದಿರುವುದಿಲ್ಲ. ಹುಟ್ಟಿದಾಗ ಗಂಡು ಎಂದು ಬರೆಸಿಕೊಂಡು, ತಾನು ಹೆಣ್ಣು ಎಂದು ಅರಿತವರು ಟ್ರಾನ್ಸ್ ಮಹಿಳೆ. ಹೆಣ್ಣು ಎಂದು ಬರೆಸಿಕೊಂಡು, ತಾನು ಗಂಡು ಎಂದು ಅರಿತವರು ಟ್ರಾನ್ಸ್ ಪುರುಷ. ಎರಡರ ಚೌಕಟ್ಟಿಗೂ ಒಗ್ಗದವರು ಇದ್ದಾರೆ. ಹುಟ್ಟಿನಲ್ಲಿಯೇ ವರ್ಣತಂತು, ಹಾರ್ಮೋನು ಅಥವಾ ಅಂಗರಚನೆ ಗಂಡು–ಹೆಣ್ಣಿನ ಸಾಮಾನ್ಯ ಲಕ್ಷಣಗಳಿಗೆ ಪೂರ್ತಿ ಹೊಂದದವರು ಅಂತರಲಿಂಗಿಗಳು. ಇದು ದೇಹದ ಮಾತು, ಇವರಲ್ಲಿ ಅನೇಕರು ತಮ್ಮನ್ನು ಸರಳವಾಗಿ ಗಂಡು ಅಥವಾ ಹೆಣ್ಣು ಎಂದೇ ತಿಳಿದಿರುತ್ತಾರೆ. ತಮ್ಮದೇ ಲಿಂಗದವರಿಗೆ ಒಲಿಯುವ ಸಲಿಂಗಿ, ಗಂಡು ಹೆಣ್ಣು ಇಬ್ಬರಿಗೂ ಒಲಿಯುವ ದ್ವಿಲಿಂಗಿ ಎನ್ನುವವು ಒಲವಿನ ಮಾತುಗಳು. ಗಂಡಸಿಗೆ ಒಲಿಯುವ ಗಂಡಸು ಗಂಡಸೇ. ‘ಅವನೊಳಗೆ ಹೆಣ್ಣಿದೆ’ ಎನ್ನುವುದು ಎರಡು ಸಂಗತಿಗಳನ್ನು ಕಲಸಿಬಿಡುವ ಮಾತು.

ಈ ಕಲಸುವಿಕೆಯ ದೊಡ್ಡ ಉದಾಹರಣೆ ನಮ್ಮಲ್ಲಿ ಬಹುಕಾಲ ಬಳಕೆಯಲ್ಲಿದ್ದ ‘ಲೈಂಗಿಕ ಅಲ್ಪಸಂಖ್ಯಾತರು’. ಇದನ್ನು ಬೈಗುಳ ಎಂದು ಭಾವಿಸಬೇಕಿಲ್ಲ. ಚಳವಳಿಯೇ ಇದನ್ನು ಕಟ್ಟಿ ಬೆಳೆಸಿತು. 1999ರಲ್ಲಿ ಬೆಂಗಳೂರಿನಲ್ಲಿ ‘ಸಂಗಮ’ ಸಂಸ್ಥೆ ಆರಂಭವಾದ ಮೇಲಿನ ವರ್ಷಗಳಲ್ಲಿ ಎಲ್ಲರನ್ನೂ ಒಂದೇ ಸೂರಿನಡಿ ತರಲು ಇಂಥದ್ದೊಂದು ಪದ ಬೇಕಾಗಿತ್ತು. ಕಾಲಕ್ರಮದಲ್ಲಿ ಆದದ್ದೇನೆಂದರೆ, ಕನ್ನಡ ಪತ್ರಿಕೆಗಳಲ್ಲಿ ಮತ್ತು ಸರ್ಕಾರಿ ಆದೇಶಗಳಲ್ಲಿ ಅದು ಟ್ರಾನ್ಸ್ ಮಹಿಳೆಯರಿಗೆ ಮಾತ್ರ ಅಂಟಿಕೊಂಡಿತು. ಪಿಂಚಣಿ ಕೇಳಿಕೊಂಡು ತಾಲ್ಲೂಕು ಕಚೇರಿಗೆ ಬಂದವರನ್ನು ‘ಲೈಂಗಿಕ’ ಎಂಬ ವಿಶೇಷಣದಿಂದ ಗುರುತಿಸುವುದೆಂದರೆ ಅವರ ಬದುಕನ್ನು ಹಾಸಿಗೆಗೆ ಕಟ್ಟಿಹಾಕಿದಂತೆ. ಆದ್ದರಿಂದಲೇ ‘ಲಿಂಗತ್ವ ಅಲ್ಪಸಂಖ್ಯಾತರು’ ಬಂತು, ಈಗ ಸರ್ಕಾರದ ಯೋಜನೆಗಳಲ್ಲಿ ಅದೇ ಸಾಮಾನ್ಯವಾಗಿದೆ. ಗುರುತನ್ನು ಹೇಳುವಾಗ ಇದು ಸರಿಯಾದ ಪದ. ಸಲಿಂಗಿಗಳು, ದ್ವಿಲಿಂಗಿಗಳು ಇದರೊಳಗೆ ಬರುವುದಿಲ್ಲ; ಅವರನ್ನೂ ಸೇರಿಸಿ ಹೇಳಬೇಕಾದಾಗ ಎರಡೂ ಪದಗಳನ್ನು ಜೊತೆಯಾಗಿ ಬರೆಯುವುದೇ ನೇರ. ಇವರೆಲ್ಲರನ್ನೂ ಒಟ್ಟಾಗಿ ಹೇಳುವ ಕ್ವಿಯರ್ ಎಂಬ ಪದವನ್ನೂ ನಗರದ ಯುವಕ ಯುವತಿಯರು ಹೆಮ್ಮೆಯಿಂದ ಬಳಸುತ್ತಾರೆ. ಇಂಗ್ಲಿಷಿನಲ್ಲಿ ಬೈಗುಳವಾಗಿದ್ದ ಪದವನ್ನು ಬೈಸಿಕೊಂಡವರೇ ಕಿತ್ತುಕೊಂಡು ತಮ್ಮದಾಗಿಸಿಕೊಂಡ ಇತಿಹಾಸ ಅದರ ಹಿಂದಿದೆ.

ಟ್ರಾನ್ಸ್ ಸಮುದಾಯಕ್ಕೆ ಕನ್ನಡದಲ್ಲಿ ಬಳಕೆಯಲ್ಲಿರುವ ಪದಗಳಲ್ಲಿ ಒಂದೊಂದಕ್ಕೂ ಒಂದೊಂದು ತಕರಾರಿದೆ. ‘ಮಂಗಳಮುಖಿ’ ಗೌರವದಿಂದ ಹುಟ್ಟಿದ ಪದ; ಅನೇಕ ಹಿರಿಯರು ಅದನ್ನು ಒಪ್ಪಿಕೊಂಡಿದ್ದಾರೆ. ಮದುವೆ ಮನೆಯಲ್ಲಿ, ಅಂಗಡಿಯ ಪೂಜೆಯಲ್ಲಿ ಹರಸುವ ಪಾತ್ರವೊಂದನ್ನು ಅದು ಅವರಿಗೆ ಹೊರಿಸುತ್ತದೆ. ಬ್ಯಾಂಕಿನಲ್ಲೋ ಐಟಿ ಕಂಪನಿಯಲ್ಲೋ ಕೆಲಸ ಮಾಡುವ ಯುವತಿಯೊಬ್ಬಳಿಗೆ ಅದು ಏಕೆ ಬೇಕು? ಟ್ರಾನ್ಸ್ ಪುರುಷರಿಗಂತೂ ಅದು ಸೇರುವುದೇ ಇಲ್ಲ. ‘ಲಿಂಗ ಪರಿವರ್ತಿತರು’ ಎಂದರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಎಂಬ ಅರ್ಥ ತಾನಾಗಿಯೇ ಬರುತ್ತದೆ. ಶಸ್ತ್ರಚಿಕಿತ್ಸೆಗೆ ಹಣವಿಲ್ಲದವರು, ಆರೋಗ್ಯ ಬಿಡದವರು, ಬೇಡವೆಂದವರು ಆ ಪದದ ಹೊರಗೇ ಉಳಿಯುತ್ತಾರೆ. ‘ತೃತೀಯ ಲಿಂಗಿ’ಯನ್ನು ನ್ಯಾಯಾಲಯಗಳೂ ಬಳಸಿವೆ, ಗಂಡೂ ಅಲ್ಲದ ಹೆಣ್ಣೂ ಅಲ್ಲದ ಸ್ಥಾನವೇ ತಮ್ಮದು ಎನ್ನುವವರಿಗೆ ಅದು ಹೊಂದುತ್ತದೆ. ‘ನಾನು ಹೆಣ್ಣು’ ಎನ್ನುವ ಟ್ರಾನ್ಸ್ ಮಹಿಳೆಗೆ ಮೂರನೆಯ ಸಂಖ್ಯೆ ಕೊಟ್ಟರೆ ಆಕೆ ಕೇಳಿದ್ದು ಒಂದು, ನಾವು ಕೊಟ್ಟದ್ದು ಇನ್ನೊಂದು. ‘ಲಿಂಗಾಂತರಿ’ಯನ್ನು ಕೆಲವರು ಬರಹದಲ್ಲಿ ಬಳಸುತ್ತಿದ್ದಾರೆ, ಬಾಯಿಗೆ ಇನ್ನೂ ಹತ್ತಿಲ್ಲ. ಸದ್ಯಕ್ಕೆ ‘ಟ್ರಾನ್ಸ್ ಮಹಿಳೆ’, ‘ಟ್ರಾನ್ಸ್ ಪುರುಷ’, ‘ಟ್ರಾನ್ಸ್ ವ್ಯಕ್ತಿ’ ಎನ್ನುವುದೇ ಎಲ್ಲಕ್ಕಿಂತ ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ. ಬಸ್ಸನ್ನೂ ಬ್ಯಾಂಕನ್ನೂ ಕನ್ನಡವಾಗಿಸಿಕೊಂಡ ನಾವು ಇದೊಂದಕ್ಕೆ ಭಾಷಾಶುದ್ಧಿಯ ನೆಪ ಹೇಳಬೇಕಾಗಿಲ್ಲ.

ಈ ಪದಗಳಿಗೆಲ್ಲ ಮೊದಲೇ ಉತ್ತರ ಕರ್ನಾಟಕದಲ್ಲಿ ಇನ್ನೊಂದು ಜೀವಂತ ಹೆಸರಿತ್ತು. ಸವದತ್ತಿಯ ಎಲ್ಲಮ್ಮನಿಗೆ, ಕೊಪ್ಪಳದ ಹತ್ತಿರದ ಹುಲಿಗೆಮ್ಮನಿಗೆ ನಡೆದುಕೊಳ್ಳುವ ಜೋಗಪ್ಪ, ಜೋಗತಿಯರ ಪರಂಪರೆ ಅದು. ದೇವಿ ಮೈಮೇಲೆ ಬಂದು ಹೆಣ್ಣಾಗಿಸಿದಳು ಎಂಬುದು ಅಲ್ಲಿಯ ನಂಬಿಕೆ; ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು, ಪಡಲಿಗೆ ಹೊತ್ತು, ಚೌಡಿಕೆ ನುಡಿಸುತ್ತ ಊರೂರು ತಿರುಗುವ ಬದುಕು. ಇವರನ್ನು ಹಿಜ್ರಾ ಎಂದು ಕರೆಯುವುದು ತಪ್ಪು. ಹಿಜ್ರಾ ಪರಂಪರೆಗೆ ಅದರದೇ ಗುರು–ಚೇಲಾ ವ್ಯವಸ್ಥೆಯಿದೆ, ಮನೆತನಗಳಿವೆ, ‘ನಿರ್ವಾಣ’ ಎಂಬ ಶಸ್ತ್ರಕ್ರಿಯೆಯ ಸಂಪ್ರದಾಯವಿದೆ. ಜೋಗಪ್ಪಂದಿರಲ್ಲಿ ಅದು ಕಡ್ಡಾಯವಲ್ಲ, ಅವರ ಗುರುತು ದೇವಿಯ ಮೂಲಕ ಬಂದದ್ದು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾಯ್ದೆಯ ವ್ಯಾಖ್ಯಾನದಲ್ಲಿ ಕಿನ್ನರ್, ಹಿಜ್ರಾ, ಅರವಾಣಿಗಳ ಜೊತೆಗೆ ಜೋಗ್ತಾ ಎಂಬ ಹೆಸರೂ ಸೇರಿಕೊಂಡಿತು. ಸವಲತ್ತಿಗೆ ಅದರಿಂದ ಅನುಕೂಲವಾಯಿತು. ಆದರೆ ಅರ್ಜಿಯ ನಮೂನೆಯೊಳಗೆ ಕೂರಿಸಲು ಒಂದು ಪರಂಪರೆಯ ಹೆಸರನ್ನು ಅಳಿಸಬೇಕಾಗಿಲ್ಲ. ಜೋಗತಿಯೊಬ್ಬರು ತಮ್ಮನ್ನು ಜೋಗತಿ ಎಂದುಕೊಂಡರೆ ಬರಹದಲ್ಲಿ ಜೋಗತಿ ಎಂದೇ ಬರಬೇಕು.

ಮಂಜಮ್ಮ ಜೋಗತಿಯವರ ವಿಷಯವನ್ನೇ ನೋಡಿ. ಜೋಗತಿ ನೃತ್ಯವನ್ನು ಹಳ್ಳಿಯ ಅಂಗಳದಿಂದ ರಂಗಮಂಚಕ್ಕೆ ತಂದವರು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, ಪದ್ಮಶ್ರೀ ಪುರಸ್ಕೃತರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಪಡೆಯಲು ಹೋದಾಗ ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ದೃಶ್ಯವನ್ನು ದೇಶವೇ ನೋಡಿತು. ಅವರಂಥವರ ಬಗ್ಗೆ ಬರೆಯುವಾಗ ಮೊದಲ ಸಾಲಿನಲ್ಲೇ ಹುಟ್ಟುಹೆಸರನ್ನು ತಂದಿಡುವ ಅಭ್ಯಾಸ ನಮ್ಮ ಬರಹಗಾರರಿಗೆ ಇದೆ. ‘ಮೊದಲು ಇವರು ಇಂಥವರಾಗಿದ್ದರು’ ಎಂದು ಹೇಳದಿದ್ದರೆ ಕಥೆ ಪೂರ್ತಿಯಾಗುವುದಿಲ್ಲ ಎಂಬ ಭಾವನೆ. ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳುವಾಗ ಹಳೆಯ ಹೆಸರನ್ನು ಹೇಳುವುದೋ ಬಿಡುವುದೋ ಅವರವರ ಇಷ್ಟ. ಅವರು ಒಮ್ಮೆ ಎಲ್ಲೋ ಹೇಳಿದ್ದಾರೆ ಎಂಬುದು ಪ್ರತಿ ಸುದ್ದಿಯಲ್ಲೂ ಅದನ್ನು ಬರೆಯಲು ನಮಗೆ ಕೊಟ್ಟ ಪರವಾನಗಿಯಲ್ಲ. ಮನೆಯಿಂದ ಹೊರಹಾಕಿಸಿಕೊಂಡ ದಿನ, ಶಾಲೆಯಲ್ಲಿ ಹೊಡೆತ ತಿಂದ ದಿನ ಕಿವಿಗೆ ಬಿದ್ದ ಹೆಸರು ಅನೇಕರ ಪಾಲಿಗೆ ಅದೇ ಆಗಿರುತ್ತದೆ.

ಪದಕ್ಕೂ ಅಧಿಕಾರಕ್ಕೂ ಇರುವ ನಂಟು ಎಷ್ಟು ಬಿಗಿ ಎಂದು ತೋರಿಸಲು ಕರ್ನಾಟಕದ ಒಂದು ಕಾನೂನೇ ಸಾಕು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗ ‘ಯೂನಕ್’, ಅಂದರೆ ನಪುಂಸಕರು, ಎಂದು ಅವರು ಹೆಸರಿಟ್ಟವರ ಮೇಲೆ ಹೊರಿಸಿದ್ದಾಗಿತ್ತು. ಅವರ ಹೆಸರು ಮತ್ತು ವಿಳಾಸದ ದಫ್ತರು ಇಡಬೇಕು. ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ, ಕುಣಿದರೆ ಹಿಡಿಯಬೇಕು. ಅವರು ಮಗುವನ್ನು ದತ್ತು ಪಡೆಯುವಂತಿಲ್ಲ, ಉಯಿಲು ಬರೆಯುವಂತಿಲ್ಲ. ಹಿಜ್ರಾಗಳು, ರಾಜಮನೆತನಗಳ ಖೋಜಾಗಳು, ಹೆಣ್ಣುವೇಷ ತೊಡುವ ಕಲಾವಿದರು ಎಂಬ ಭೇದವನ್ನೆಲ್ಲ ಆ ಒಂದು ಪದ ನುಂಗಿಹಾಕಿತು. ಆ ಕಾಯ್ದೆ ಹೋಯಿತು, ಅದರ ಭಾಷೆ ಹೋಗಲಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಹೊಸ ಸೆಕ್ಷನ್ ಸೇರಿತು. ಅದರಲ್ಲಿಯೂ ‘ಯೂನಕ್’ಗಳ ಅನಪೇಕ್ಷಿತ ಚಟುವಟಿಕೆಗಳನ್ನು ತಡೆಯುವ ಮಾತು, ಹುಡುಗರನ್ನು ಅಪಹರಿಸುತ್ತಾರೆ ಎಂಬ ಶಂಕೆಯ ಮೇಲೆ ಹೆಸರು ಮತ್ತು ವಿಳಾಸದ ದಫ್ತರು ಇಡುವ ಅಧಿಕಾರ. ನೂರ ನಲವತ್ತು ವರ್ಷಗಳ ಹಿಂದಿನ ವಾಕ್ಯಗಳು ಹೆಚ್ಚುಕಡಿಮೆ ಹಾಗೆಯೇ ಸ್ವತಂತ್ರ ಭಾರತದ ಒಂದು ರಾಜ್ಯದ ಕಾನೂನಿಗೆ ಇಳಿದುಬಂದಿದ್ದವು.

ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಇದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2016ರಲ್ಲಿ ಸರ್ಕಾರ ತಿದ್ದುಪಡಿ ತಂದು ‘ಯೂನಕ್’ ಎಂದಿದ್ದ ಜಾಗದಲ್ಲಿ ‘ವ್ಯಕ್ತಿಗಳು’ ಎಂದು ಬರೆಯಿತು. ಒಂದು ಸಮುದಾಯಕ್ಕೆ ಹುಟ್ಟಾ ಅಪರಾಧಿಗಳೆಂಬ ಹಣೆಪಟ್ಟಿ ಕಟ್ಟುವುದು ನಿಂತಿತು, ಅದು ನಿಜವಾದ ಗೆಲುವು. ದಫ್ತರು ಇಡುವ ಅಧಿಕಾರ ಮಾತ್ರ ಪೊಲೀಸರ ಕೈಯಲ್ಲೇ ಉಳಿಯಿತು. ಪದ ಬದಲಿಸಿದರೆ ಎಲ್ಲವೂ ಸರಿಹೋಯಿತು ಎಂದು ತಿಳಿಯುವವರು ಈ ಸೆಕ್ಷನ್ನಿನ ಕಥೆಯನ್ನು ನೆನಪಿಡಬೇಕು. ನೆರೆಯ ತೆಲಂಗಾಣದಲ್ಲಿ ನಿಜಾಮರ ಕಾಲದಿಂದ ಉಳಿದಿದ್ದ ಇಂಥದೇ ಕಾಯ್ದೆಯನ್ನು 2023ರಲ್ಲಿ ಅಲ್ಲಿನ ಹೈಕೋರ್ಟ್ ಪೂರ್ತಿಯಾಗಿ ರದ್ದುಮಾಡಿತು.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಮತ್ತು ನ್ಯಾಯಮೂರ್ತಿ ಎ.ಕೆ. ಸಿಕ್ರಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ (ನಾಲ್ಸಾ) ಪ್ರಕರಣದಲ್ಲಿ ಕೊಟ್ಟ ತೀರ್ಪು ಈ ಇಡೀ ಚರ್ಚೆಯ ನೆಲಗಟ್ಟು. ತನ್ನ ಲಿಂಗತ್ವ ಯಾವುದು ಎಂದು ಹೇಳುವ ಹಕ್ಕು ಆ ವ್ಯಕ್ತಿಗೇ ಸೇರಿದ್ದು, ಅದನ್ನು ಒಪ್ಪಲು ಶಸ್ತ್ರಚಿಕಿತ್ಸೆ ಆಗಿರಲೇಬೇಕೆಂದು ಪಟ್ಟು ಹಿಡಿಯುವುದು ಅನೈತಿಕ ಮತ್ತು ಕಾನೂನುಬಾಹಿರ ಎಂದು ನ್ಯಾಯಾಲಯ ಹೇಳಿತು. ಐದು ವರ್ಷಗಳ ನಂತರ ಸಂಸತ್ತು ಮಾಡಿದ ಕಾಯ್ದೆ ಜಿಲ್ಲಾಧಿಕಾರಿಯ ಪ್ರಮಾಣಪತ್ರವನ್ನು ಮುಂದಿಟ್ಟಿತು. ‘ಟ್ರಾನ್ಸ್‌ಜೆಂಡರ್’ ಎಂಬ ಪ್ರಮಾಣಪತ್ರಕ್ಕೆ ಒಂದು ದಾರಿ, ‘ಗಂಡು’ ಅಥವಾ ‘ಹೆಣ್ಣು’ ಎಂದು ಬರೆಸಿಕೊಳ್ಳಲು ಆಸ್ಪತ್ರೆಯ ಪತ್ರದೊಂದಿಗೆ ಇನ್ನೊಂದು ದಾರಿ. ಸ್ವಂತ ಮಾತಿಗೆ ಇದ್ದ ಬೆಲೆ ಅಲ್ಲಿಯೇ ಇಳಿಯಿತು ಎಂದು ಸಮುದಾಯ ಬೀದಿಗಿಳಿದು ಹೇಳಿತು, ನನಗೂ ಹಾಗೆಯೇ ಅನಿಸುತ್ತದೆ. ಕರ್ನಾಟಕ ಒಂದು ಹೆಜ್ಜೆ ಮುಂದೆ ಇಟ್ಟದ್ದನ್ನೂ ಹೇಳಬೇಕು. 2021ರ ಜುಲೈನಲ್ಲಿ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು, ಸರ್ಕಾರಿ ಹುದ್ದೆಗಳಲ್ಲಿ ಟ್ರಾನ್ಸ್ ವ್ಯಕ್ತಿಗಳಿಗೆ ಪ್ರತಿ ಪ್ರವರ್ಗದೊಳಗೂ ಶೇ 1ರಷ್ಟು ಸಮತಲ ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು. ಮೀಸಲಾತಿಯ ಕಾಲಮ್ಮಿನಲ್ಲಿ ಏನೆಂದು ಬರೆದಿದೆ ಎಂಬುದು ಆಮೇಲೆ ಒಬ್ಬರ ಅನ್ನದ ಪ್ರಶ್ನೆಯಾಗುತ್ತದೆ.

ಕಾಲಮ್ಮಿನ ಮಾತು ಬಂದಾಗ 2011ರ ಜನಗಣತಿ ನೆನಪಾಗುತ್ತದೆ. ಗಂಡು, ಹೆಣ್ಣಿನ ಜೊತೆಗೆ ‘ಇತರೆ’ ಎಂಬ ಆಯ್ಕೆ ಇದ್ದ ಆ ಗಣತಿಯಲ್ಲಿ ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಮಂದಿ ಆ ಲೆಕ್ಕಕ್ಕೆ ಬಂದರು. ಮನೆಬಾಗಿಲಿಗೆ ಬಂದ ಗಣತಿದಾರರ ಮುಂದೆ, ಅಪ್ಪ ಅಣ್ಣಂದಿರ ಎದುರಿನಲ್ಲಿ, ‘ನಾನು ಇತರೆ’ ಎಂದು ಹೇಳಲು ಎಷ್ಟು ಜನಕ್ಕೆ ಬಾಯಿ ಬಂದೀತು? ತಾನು ಗಂಡು ಎಂದು ತಿಳಿದ ಟ್ರಾನ್ಸ್ ಪುರುಷ ‘ಇತರೆ’ ಎಂದು ಏಕೆ ಬರೆಸಬೇಕು? ಅದು ಜನರನ್ನು ಎಣಿಸಿದ ಸಂಖ್ಯೆ ಎನ್ನುವುದಕ್ಕಿಂತ ಆ ಪದವನ್ನು ಒಪ್ಪಿದವರ ಸಂಖ್ಯೆ ಎಂದು ಓದುವುದು ಸರಿ.

ಇನ್ನು ನಮ್ಮ ವ್ಯಾಕರಣ. ಹಿಂದಿಯಲ್ಲಿ ‘ನಾನು ಬಂದೆ’ ಎನ್ನಲು ಹೊರಟವರು ಗಂಡಾಗಿಯೋ ಹೆಣ್ಣಾಗಿಯೋ ಬರಬೇಕು, ಕ್ರಿಯಾಪದವೇ ಅದನ್ನು ಬಯಲು ಮಾಡುತ್ತದೆ. ಕನ್ನಡದಲ್ಲಿ ಹಾಗಿಲ್ಲ. ‘ನಾನು ಬಂದೆ, ಉಂಡೆ, ಅತ್ತೆ, ಪ್ರೀತಿಸಿದೆ’ ಎಂದು ಇಡೀ ಬದುಕನ್ನು ಹೇಳಿ ಮುಗಿಸಬಹುದು, ಲಿಂಗದ ಪ್ರತ್ಯಯ ಒಂದೂ ಬರುವುದಿಲ್ಲ. ‘ನೀನು’, ‘ನೀವು’ ಎಂದಾಗಲೂ ಬರುವುದಿಲ್ಲ. ಅದು ಬರುವುದು ಪ್ರಥಮ ಪುರುಷದಲ್ಲಿ: ಬಂದನು, ಬಂದಳು, ಬಂದಿತು. ಅಂದರೆ ಕನ್ನಡದಲ್ಲಿ ಒಬ್ಬರಿಗೆ ಲಿಂಗವನ್ನು ಅಂಟಿಸುವವರು ಯಾವಾಗಲೂ ಅವರ ಬಗ್ಗೆ ಮಾತನಾಡುವ ಬೇರೆಯವರು. ಈ ಜವಾಬ್ದಾರಿ ನಮ್ಮ ನಾಲಿಗೆಯ ತುದಿಯಲ್ಲಿದೆ ಎಂಬುದನ್ನು ನಮ್ಮ ಶಾಲೆಗಳು ಹೇಳಿಕೊಡಲಿಲ್ಲ. ಅವು ಹೇಳಿಕೊಟ್ಟದ್ದು ಮರ, ಕಲ್ಲು, ನಾಯಿಗಳು ನಪುಂಸಕಲಿಂಗ ಎಂದು. ಅದೇ ‘ನಪುಂಸಕ’ ವ್ಯಾಕರಣದ ಪುಟದಿಂದ ಇಳಿದು ಬೀದಿಗೆ ಬಂದಾಗ ಮನುಷ್ಯರನ್ನು ‘ಅದು’ ಎನ್ನುವ ಧೈರ್ಯ ಕೊಡುತ್ತದೆ. ‘ಅದು ಬಂತು ನೋಡು’ ಎಂಬ ಮೂರು ಪದಗಳಲ್ಲಿ ಒಂದೇ ಒಂದು ಬೈಗುಳವಿಲ್ಲ. ಅದಕ್ಕಿಂತ ಕ್ರೂರವಾದ ಮಾತು ಕನ್ನಡದಲ್ಲಿ ಕಡಿಮೆ.

ಪರಿಹಾರವೂ ಇದೇ ವ್ಯಾಕರಣದಲ್ಲಿದೆ. ‘ಅವರು’ ಎಂಬುದು ಗಂಡಿಗೂ ಹೆಣ್ಣಿಗೂ ಎರಡೂ ಅಲ್ಲದವರಿಗೂ ಸಲ್ಲುತ್ತದೆ, ಜೊತೆಗೆ ಮರ್ಯಾದೆಯನ್ನೂ ತರುತ್ತದೆ. ಇಂಗ್ಲಿಷಿನವರು ಏಕವಚನಕ್ಕೆ ‘ದೇ’ ಬಳಸಬಹುದೇ ಎಂದು ಜಗಳವಾಡುತ್ತಿರುವಾಗ ನಮ್ಮ ಅಜ್ಜಿಯರು ಊರಿನ ಮೇಷ್ಟ್ರನ್ನು, ದಾದಿಯನ್ನು, ಅಪರಿಚಿತರನ್ನು ಬಹುವಚನದಲ್ಲೇ ಕರೆದುಕೊಂಡು ಬಂದಿದ್ದಾರೆ. ಗೊತ್ತಿಲ್ಲದಿದ್ದಾಗ ‘ಅವರು’ ಎನ್ನಿ, ತಪ್ಪಾಗುವುದಿಲ್ಲ. ಆದರೆ ಗೊತ್ತಾದ ಮೇಲೆ ಇದರ ಹಿಂದೆ ಅಡಗಿಕೊಳ್ಳಬಾರದು. ಒಂದೇ ಸುದ್ದಿಯಲ್ಲಿ ಬೇರೆ ಹೆಂಗಸರನ್ನೆಲ್ಲ ‘ಆಕೆ’ ಎಂದು ಬರೆದು, ಟ್ರಾನ್ಸ್ ಮಹಿಳೆಯನ್ನು ಮಾತ್ರ ಎಚ್ಚರಿಕೆಯಿಂದ ‘ಆ ವ್ಯಕ್ತಿ’ ಎಂದು ಬರೆದರೆ ಓದುಗರಿಗೆ ಸಂಶಯ ದಾಟಿಸಿದಂತಾಯಿತು. ಗೆಳತಿಯಾದವಳು ‘ಅವಳು’ ಎನಿಸಿಕೊಳ್ಳಲು ಬಯಸಿದರೆ ‘ಅವಳು’ ಎನ್ನುವುದೇ ಪ್ರೀತಿ. ಕನ್ನಡಿಗರು ಬೀದಿಯಲ್ಲಿ ಸರ್ವನಾಮಕ್ಕಿಂತ ಸಂಬಂಧವಾಚಕಗಳನ್ನೇ ಹೆಚ್ಚು ಬಳಸುವವರು, ಆದ್ದರಿಂದ ಅಕ್ಕ, ಅಮ್ಮ, ಅಣ್ಣ ಎಂಬ ಕರೆಗಳು ಸರಿಯಾದವರಿಗೆ ಸರಿಯಾಗಿ ಸಂದರೆ ಅರ್ಧ ಕೆಲಸ ಮುಗಿದಂತೆ.

ಬೈಗುಳಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಯಾವುವು ಎಂದು ಎಲ್ಲರಿಗೂ ಗೊತ್ತು, ಒಂಬತ್ತು ಎಂಬ ಅಂಕಿಯನ್ನೂ ಬಿಟ್ಟಿಲ್ಲ. ನನ್ನನ್ನು ಹೆಚ್ಚು ಕಾಡುವುದು ವೇದಿಕೆಯ ಮೇಲಿನ ಮಾತು. ಆಡಳಿತ ಪಕ್ಷವನ್ನು ‘ಷಂಡ ಸರ್ಕಾರ’ ಎನ್ನುವವರು, ‘ನಾವೇನು ಬಳೆ ತೊಟ್ಟುಕೊಂಡಿದ್ದೇವೆಯೇ’ ಎಂದು ಗುಡುಗುವವರು, ಎದುರಾಳಿಯನ್ನು ಶಿಖಂಡಿ ಎಂದು ಕರೆದು ಚಪ್ಪಾಳೆ ಗಿಟ್ಟಿಸುವವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಮಹಾಭಾರತದ ಕಥೆಯಲ್ಲಿ ಶಿಖಂಡಿ ಹೇಡಿಯಲ್ಲ. ಒಂದು ಜನ್ಮದ ಅನ್ಯಾಯಕ್ಕೆ ಇನ್ನೊಂದು ಜನ್ಮದಲ್ಲಿ ರಣರಂಗಕ್ಕೆ ಬಂದು ನಿಂತವರು. ಇಂಥ ಭಾಷಣ ಕೇಳುತ್ತ ಬೆಳೆಯುವ ಹುಡುಗನೊಬ್ಬ ತನ್ನ ತರಗತಿಯಲ್ಲಿ ಮೆತ್ತಗೆ ಮಾತನಾಡುವ ಸಹಪಾಠಿಯನ್ನು ಹೇಗೆ ನಡೆಸಿಕೊಳ್ಳಬೇಕೆಂದು ಕಲಿಯುವುದು ಅಲ್ಲಿಂದಲೇ.

ಸಮುದಾಯದ ಒಳಗಿನ ಪದಗಳ ವಿಷಯ ಬೇರೆ. ಹಿಜ್ರಾ, ಕೋತಿ, ಪಂತಿ ಮುಂತಾದವು ಅವರವರ ನಡುವಿನ ಮಾತು, ಸಲಿಗೆಯ ಮಾತು. ಹೆಣ್ತನದ ನಡೆನುಡಿಯ ಪುರುಷರನ್ನು ಸೂಚಿಸುವ ‘ಕೋತಿ’ ಎಂಬುದು ಕನ್ನಡದ ಕಿವಿಗೆ ಮಂಗ ಎಂದೇ ಕೇಳಿಸುತ್ತದೆ. ಹೊರಗಿನವರು ಅದನ್ನು ಶೀರ್ಷಿಕೆಯಲ್ಲಿ ಹಾಕಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮನೆಯೊಳಗೆ ಅಕ್ಕ ತಮ್ಮನನ್ನು ಕರೆಯುವ ಅಡ್ಡಹೆಸರನ್ನು ಬೀದಿಯವರು ಕೂಗಬಾರದು.

ಲೈಂಗಿಕ ಒಲವಿನ ಪದಗಳಲ್ಲಿ ಕನ್ನಡ ಇನ್ನೂ ಹಿಂದಿದೆ. ‘ಸಲಿಂಗಕಾಮ’, ‘ಸಲಿಂಗಕಾಮಿ’ ಎಂಬವು ನಿಘಂಟಿನಲ್ಲಿವೆ, ಪತ್ರಿಕೆಯಲ್ಲಿವೆ. ಮದುವೆಯಾದ ಗಂಡಹೆಂಡಿರನ್ನು ‘ವಿಲಿಂಗಕಾಮಿಗಳು’ ಎಂದು ಯಾರೂ ಕರೆಯುವುದಿಲ್ಲ; ಅವರದು ದಾಂಪತ್ಯ, ಸಂಸಾರ, ಪ್ರೀತಿ. ಇಪ್ಪತ್ತು ವರ್ಷ ಒಟ್ಟಿಗೆ ಬಾಳಿ, ಕಾಯಿಲೆಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡ ಇಬ್ಬರು ಗಂಡಸರದು ಮಾತ್ರ ಕಾಮ. ಸಲಿಂಗಿ, ಸಲಿಂಗ ಪ್ರೇಮ, ಸಲಿಂಗ ಸಂಗಾತಿ ಎಂಬ ಪದಗಳು ಸಿದ್ಧವಾಗಿಯೇ ಇವೆ, ಬಳಸಿದರೆ ಸಾಕು. ಗೇ, ಲೆಸ್ಬಿಯನ್ ಎಂಬವನ್ನೂ ಅನೇಕರು ತಾವಾಗಿಯೇ ಆರಿಸಿಕೊಂಡಿದ್ದಾರೆ. ಯಾರ ಕಡೆಗೂ ಲೈಂಗಿಕ ಸೆಳೆತ ಇಲ್ಲದವರಿಗೆ ಅಲೈಂಗಿಕ ಎಂಬ ಪದ ನಿಧಾನವಾಗಿ ಬಳಕೆಗೆ ಬರುತ್ತಿದೆ.

ಇದರಲ್ಲಿ ನಿಜವಾದ ಹಾನಿ ಮಾಡುವ ಬಳಕೆ ಅಪರಾಧ ವರದಿಗಾರಿಕೆಯದು. ಹುಡುಗನೊಬ್ಬನ ಮೇಲೆ ವಯಸ್ಕ ಗಂಡಸು ದೌರ್ಜನ್ಯ ಎಸಗಿದರೆ ‘ಸಲಿಂಗಕಾಮಿಯ ಬಂಧನ’ ಎಂಬ ಶೀರ್ಷಿಕೆ ಬರುತ್ತದೆ. ಹುಡುಗಿಯ ಮೇಲೆ ದೌರ್ಜನ್ಯ ನಡೆದಾಗ ಆರೋಪಿಯ ಒಲವನ್ನು ಯಾರೂ ಶೀರ್ಷಿಕೆಗೆ ತರುವುದಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಒಂದು ಅಪರಾಧ, ಸಲಿಂಗ ಒಲವು ಒಂದು ಗುಣ. 2012ರ ಪೋಕ್ಸೊ ಕಾಯ್ದೆಗೆ 18 ವರ್ಷದೊಳಗಿನ ಪ್ರತಿಯೊಬ್ಬರೂ ಮಗುವೇ, ಹುಡುಗ ಹುಡುಗಿ ಎಂಬ ಭೇದ ಅಲ್ಲಿಲ್ಲ. ‘ಅಸ್ವಾಭಾವಿಕ’, ‘ಪ್ರಕೃತಿವಿರುದ್ಧ’ ಎಂಬ ವಿಶೇಷಣಗಳು ಹಳೆಯ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ನಿನಿಂದ ಬಂದವು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ಸಮ್ಮತಿಯ ಸಂಬಂಧವನ್ನು ಆ ಸೆಕ್ಷನ್ನಿನ ಹಿಡಿತದಿಂದ ಬಿಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಸೆಕ್ಷನ್ನೇ ಇಲ್ಲ. ಇದರಿಂದ ವಯಸ್ಕ ಗಂಡಸರ ಮೇಲೆ, ಟ್ರಾನ್ಸ್ ವ್ಯಕ್ತಿಗಳ ಮೇಲೆ ಸಮ್ಮತಿಯಿಲ್ಲದೆ ನಡೆಯುವ ಅತ್ಯಾಚಾರಕ್ಕೆ ಹಿಂದೆ ಇದ್ದ ಕಾನೂನಿನ ಆಸರೆಯೂ ತಪ್ಪಿಹೋಯಿತು ಎಂಬುದು ಗಂಭೀರವಾದ ಇನ್ನೊಂದು ವಿಷಯ. ಅದನ್ನು ಸರಿಯಾಗಿ ಚರ್ಚಿಸಬೇಕಾದರೂ ‘ಸಮ್ಮತಿ’ ಎಂಬ ಪದ ಬೇಕು, ‘ಅಸಹಜ’ ಎಂಬುದು ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ರೋಗದ ಭಾಷೆಯೂ ಹೀಗೆಯೇ ಅಂಟಿಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. 2019ರಲ್ಲಿ ಒಪ್ಪಿದ ಹೊಸ ಪಟ್ಟಿಯಲ್ಲಿ ಟ್ರಾನ್ಸ್ ಗುರುತಿಗೆ ಸಂಬಂಧಿಸಿದ ಅಂಶವನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರತಂದಿತು. ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಸಲಿಂಗ ಒಲವು ಕಾಯಿಲೆಯಲ್ಲ ಎಂದು ಬಹಿರಂಗವಾಗಿ ಹೇಳಿತು. ಹೀಗಿರುವಾಗ ಮಗನನ್ನೋ ಮಗಳನ್ನೋ ‘ಸರಿಮಾಡಿಸಿಕೊಂಡು ಬರಲು’ ಕರೆದೊಯ್ಯುವ ತಾಯಿತಂದೆಯರ ದುಃಖ ನನಗೆ ಅರ್ಥವಾಗುತ್ತದೆ, ಅವರಿಂದ ಹಣ ಪಡೆದು ‘ಗುಣಪಡಿಸುತ್ತೇನೆ’ ಎನ್ನುವವರ ಧೈರ್ಯ ಅರ್ಥವಾಗುವುದಿಲ್ಲ.

ಗೌರವದಿಂದ ಮಾತನಾಡಲು ಹೊರಟವರು ಮಾಡುವ ಒಂದು ಎಡವಟ್ಟು ಅತಿಕುತೂಹಲ. ಆಪರೇಷನ್ ಆಗಿದೆಯೇ, ಹಿಂದೆ ಏನು ಹೆಸರಿತ್ತು, ರಾತ್ರಿ ಏನು ಮಾಡುತ್ತೀರಿ ಎಂಬ ಪ್ರಶ್ನೆಗಳನ್ನು ಪಕ್ಕದ ಮನೆಯ ಶಿಕ್ಷಕಿಗೆ ಕೇಳದವರು ಟ್ರಾನ್ಸ್ ಮಹಿಳೆಗೂ ಕೇಳಬಾರದು. ಕೇಳಬಹುದಾದದ್ದು ಇಷ್ಟೇ: ‘ನಿಮ್ಮನ್ನು ಹೇಗೆ ಕರೆಯಲಿ?’ ತಪ್ಪು ಸರ್ವನಾಮ ಬಾಯಿಗೆ ಬಂದರೆ ತಿದ್ದಿಕೊಂಡು ಮಾತು ಮುಂದುವರಿಸಬೇಕು, ಐದು ನಿಮಿಷ ಕ್ಷಮೆ ಕೇಳುತ್ತ ನಿಂತರೆ ಎದುರಿನವರೇ ನಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಒಬ್ಬರು ನಂಬಿ ಹೇಳಿಕೊಂಡದ್ದನ್ನು ಇನ್ನೊಬ್ಬರಿಗೆ ದಾಟಿಸುವುದು ಇದಕ್ಕಿಂತ ದೊಡ್ಡ ಅಪಚಾರ. ಹಳ್ಳಿಯಲ್ಲಿ, ಬಾಡಿಗೆ ಮನೆಯಲ್ಲಿ, ಕಚೇರಿಯಲ್ಲಿ ಅದರ ಪರಿಣಾಮ ಹೊಡೆತದವರೆಗೆ ಹೋಗಬಹುದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದಾಗ, ಲೈಂಗಿಕ ಒಲವೂ ಅದರೊಳಗೆ ಬರುತ್ತದೆ ಎಂದು ಹೇಳಿತ್ತು.

ನೆರೆಯ ರಾಜ್ಯಗಳಿಂದ ಕಲಿಯುವುದಿದೆ. ತಮಿಳಿನಲ್ಲಿ ಟ್ರಾನ್ಸ್ ಮಹಿಳೆಗೆ ‘ತಿರುನಂಗೈ’, ಟ್ರಾನ್ಸ್ ಪುರುಷನಿಗೆ ‘ತಿರುನಂಬಿ’ ಎಂಬ ಗೌರವದ ಪದಗಳು ನೆಲೆನಿಂತಿವೆ. ಅಲ್ಲಿಗೇ ನಿಲ್ಲಲಿಲ್ಲ. 2021ರಲ್ಲಿ, ಪರಸ್ಪರ ಪ್ರೀತಿಸಿ ಮನೆಬಿಟ್ಟು ಬಂದ ಇಬ್ಬರು ಯುವತಿಯರ ರಕ್ಷಣೆಯ ಪ್ರಕರಣ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಬಂದಾಗ, ಈ ವಿಷಯವನ್ನು ತಾವು ಅರ್ಥಮಾಡಿಕೊಳ್ಳಬೇಕೆಂದು ಅವರು ಮನಶ್ಶಾಸ್ತ್ರಜ್ಞರೊಂದಿಗೆ ಕುಳಿತು ಮಾತನಾಡಿ ಬಂದರು, ಅದನ್ನು ತೀರ್ಪಿನಲ್ಲಿಯೇ ಬರೆದರು. ಅದೇ ಪ್ರಕರಣದ ಮುಂದುವರಿಕೆಯಲ್ಲಿ ಸಮುದಾಯದವರ ನೆರವಿನಿಂದ ತಮಿಳು ಪದಕೋಶವೊಂದು ಸಿದ್ಧವಾಗಿ 2022ರಲ್ಲಿ ಸರ್ಕಾರಿ ಗೆಜೆಟ್ ಸೇರಿತು. ಕೇರಳ ಬೇರೆ ದಾರಿ ಹಿಡಿದು, ಮಲಯಾಳಂನಲ್ಲಿ ಒಪ್ಪಿತವಾದ ಪದ ಸಿಗುವ ತನಕ ‘ಟ್ರಾನ್ಸ್‌ಜೆಂಡರ್’ ಎಂಬುದನ್ನೇ ಸರ್ಕಾರಿ ಬಳಕೆಗೆ ಇಟ್ಟುಕೊಂಡಿತು. ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಸರಿ, ಕರ್ನಾಟಕ ಒಂದನ್ನು ಹಿಡಿಯಬೇಕು.

ಬೆಂಗಳೂರಿನ ವಿಶ್ವವಿದ್ಯಾಲಯದ ಕೋಣೆಯಲ್ಲಿ ಕುಳಿತು ಸಂಸ್ಕೃತ ಧಾತುಗಳಿಂದ ಹೊಸ ಪದ ಹೊಸೆದರೆ ಆ ಕೆಲಸ ಆಗುವುದಿಲ್ಲ. ಅಕ್ಕೈ ಪದ್ಮಶಾಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟು ದಶಕವಾಯಿತು. ಅವರಂಥ ಹೋರಾಟಗಾರರು, ಸವದತ್ತಿ ಹುಲಿಗಿಗಳ ಜೋಗತಿಯರು, ಸುದ್ದಿಯಲ್ಲಿ ಎಂದೂ ಕಾಣಿಸದ ಟ್ರಾನ್ಸ್ ಪುರುಷರು, ಅಂತರಲಿಂಗಿಗಳು, ಮನೆಯಲ್ಲಿ ಇನ್ನೂ ಹೇಳಿಕೊಳ್ಳದ ಸಲಿಂಗಿ ಯುವಜನರ ಪರವಾಗಿ ದುಡಿಯುತ್ತಿರುವವರು ಒಂದೇ ಮೇಜಿನ ಸುತ್ತ ಕುಳಿತು ಯಾವ ಪದ ಬೇಕು, ಯಾವುದು ಬೇಡ ಎಂದು ಹೇಳಬೇಕು. ಅವರು ಒಪ್ಪಿದ ಪಟ್ಟಿ ಗೆಜೆಟ್ಟಿನಲ್ಲಿ ಪ್ರಕಟವಾಗಿ ಪೊಲೀಸ್ ತರಬೇತಿ ಶಾಲೆಗಳಿಗೆ, ಬಿ.ಎಡ್. ಕಾಲೇಜುಗಳಿಗೆ, ಆಶಾ ಕಾರ್ಯಕರ್ತೆಯರ ಕೈಪಿಡಿಗೆ, ಪ್ರತಿ ಪತ್ರಿಕೆಯ ಸುದ್ದಿಮನೆಗೆ ಹೋಗಬೇಕು. ಐದಾರು ವರ್ಷಕ್ಕೊಮ್ಮೆ ಅದನ್ನು ಮತ್ತೆ ಅವರ ಮುಂದೆಯೇ ಇಟ್ಟು ತಿದ್ದಿಸಿಕೊಳ್ಳುವ ಏರ್ಪಾಡೂ ಆದೇಶದಲ್ಲೇ ಇರಬೇಕು.